ಖಗೋಳ ಸ್ಥಾನನಿರ್ಣಯದ ಜ್ಯಾ ಗಣನೆ

ಖಗೋಳ ಸ್ಥಾನನಿರ್ಣಯದ ಜ್ಯಾ ಗಣನೆ ಎಂದರೆ ಸೂರ್ಯ ಅಥವಾ ನಕ್ಷತ್ರಗಳ ಎತ್ತರವನ್ನು ಅಳೆದು ಭೂಮಿಯ ಮೇಲಿನ ಸ್ಥಾನವನ್ನು ಗೊತ್ತುಮಾಡುವಾಗ ಬೇಕಾಗುವ ಸೈನ್, ಕೊಸೈನ್ ಮೊದಲಾದ ತ್ರಿಕೋನಮಿತಿ ಬೆಲೆಗಳನ್ನು ಯಂತ್ರದ ನೆರವಿಲ್ಲದೆ ಕೈಯಿಂದ ಲೆಕ್ಕಹಾಕುವ ವಿಧಾನಗಳ ಸಮೂಹ. ಕಡಲಿನ ನಾವಿಕರು, ಪಂಚಾಂಗಕಾರರು ಮತ್ತು ಭೂಮಾಪನ ಇಲಾಖೆಯ ಗಣಕರು ಶತಮಾನಗಳ ಕಾಲ ಈ ವಿಧಾನಗಳನ್ನು ಬಳಸಿದ್ದಾರೆ. ಕೆಲವು ಮೂಲ ಕೋನಗಳ ನಿಖರ ಬೆಲೆಗಳು, ವರ್ಗಮೂಲ ತೆಗೆಯುವ ಕ್ರಮ, ಹಾಗೂ ಕೋಷ್ಟಕದ ಎರಡು ಸಾಲುಗಳ ನಡುವಿನ ಬೆಲೆಯನ್ನು ಕಂಡುಹಿಡಿಯುವ ಅಂತರ್ವೇಶನ ಎಂಬ ಮೂರು ಅಂಶಗಳ ಮೇಲೆ ಈ ಗಣನೆ ನಿಂತಿದೆ. ಕೋಷ್ಟಕದ ಸೂಕ್ಷ್ಮತೆ ಎಷ್ಟೋ ನೆಲದ ಮೇಲಿನ ಸ್ಥಾನದ ನಿಖರತೆಯೂ ಅಷ್ಟೇ ಆಗಿರುತ್ತದೆ.

ಈ ಲೇಖನದ ಉದಾಹರಣೆಗಳಲ್ಲಿ ಕಲಬುರಗಿ ನಗರ ಹಾಗೂ ಅದರ ಈಶಾನ್ಯಕ್ಕಿರುವ ಕಮಲಾಪುರದ ಸ್ಥಾನಗಳನ್ನು ಬಳಸಲಾಗಿದೆ.

## ಪರಿಭಾಷೆ

ಭಾರತೀಯ ಗಣಿತದಲ್ಲಿ *ಜ್ಯಾ* ಎಂಬುದು ಅನುಪಾತವಲ್ಲ, ಒಂದು ಉದ್ದ. ನಿರ್ದಿಷ್ಟ ತ್ರಿಜ್ಯದ ವೃತ್ತದಲ್ಲಿ ಚಾಪಕ್ಕೆ ಸಂಬಂಧಿಸಿದ ಅರ್ಧಜ್ಯಾದ ಉದ್ದವನ್ನು ಅದು ಸೂಚಿಸುತ್ತದೆ. ಆದ್ದರಿಂದ ಜ್ಯಾ = ತ್ರಿಜ್ಯ × ಸೈನ್. *ಕೋಟಿಜ್ಯಾ* ಎಂಬುದು ಇದೇ ರೀತಿ ಕೊಸೈನ್‌ಗೆ ಸಮಾನವಾದುದು. ಜ್ಯಾ ಪದದ ಪರ್ಯಾಯವಾದ *ಜೀವಾ* ಅರಬ್ಬಿಗೆ ಹೋಗಿ, ಅಲ್ಲಿ ‘ಜೈಬ್’ ಎಂದು ಓದಲ್ಪಟ್ಟು, ಲ್ಯಾಟಿನ್‌ನಲ್ಲಿ ‘ಸೈನಸ್’ ಎಂದು ಅನುವಾದಗೊಂಡು ಇಂದಿನ ಸೈನ್ ಆಯಿತು.

ಲೇಖನದಲ್ಲಿ ಬರುವ ಇತರ ಪದಗಳು ಹೀಗಿವೆ:

* ಕಲೆ – ಒಂದು ಡಿಗ್ರಿಯ 60ನೇ ಒಂದು ಭಾಗ. ಚಿಹ್ನೆ ′.
* ಉನ್ನತಾಂಶ – ಕ್ಷಿತಿಜದಿಂದ ಆಕಾಶಕಾಯದವರೆಗಿನ ಕೋನ.
* ನತಾಂಶ – ಖಮಧ್ಯದಿಂದ, ಅಂದರೆ ನೆತ್ತಿಯ ನೇರ ಮೇಲಿನ ಬಿಂದುವಿನಿಂದ, ಆಕಾಶಕಾಯದವರೆಗಿನ ಕೋನ. ಉನ್ನತಾಂಶ ಮತ್ತು ನತಾಂಶಗಳ ಮೊತ್ತ 90°.
* ಕ್ರಾಂತಿ – ಖಗೋಳದ ವಿಷುವದ್ವೃತ್ತದಿಂದ ಆಕಾಶಕಾಯ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇರುವ ಕೋನ.
* ಪರಮಕ್ರಾಂತಿ – ಸೂರ್ಯನು ಮುಟ್ಟುವ ಗರಿಷ್ಠ ಕ್ರಾಂತಿ. ಇಂದಿನ ಬೆಲೆ ಸುಮಾರು 23°26′.
* ಗಂಟೆಕೋನ – ಮಧ್ಯಾಹ್ನರೇಖೆಯನ್ನು ದಾಟಿದ ಬಳಿಕ ಆಕಾಶಕಾಯ ಪಶ್ಚಿಮಕ್ಕೆ ಸರಿದಿರುವ ಕೋನ. ಒಂದು ಗಂಟೆಗೆ 15°.

## ಕಲಬುರಗಿ ಮತ್ತು ಕಮಲಾಪುರದ ಅಂತರ

ಕಲಬುರಗಿ ನಗರವು ಸುಮಾರು 17°20′ ಉತ್ತರ ಅಕ್ಷಾಂಶ ಮತ್ತು 76°50′ ಪೂರ್ವ ರೇಖಾಂಶದಲ್ಲಿದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಸುಮಾರು 17°35′ ಉತ್ತರ ಮತ್ತು 76°59′ ಪೂರ್ವದಲ್ಲಿದೆ. ಹೀಗೆ ಎರಡು ಊರುಗಳ ನಡುವೆ ಅಕ್ಷಾಂಶದಲ್ಲಿ 15′ ಮತ್ತು ರೇಖಾಂಶದಲ್ಲಿ 9′ ವ್ಯತ್ಯಾಸವಿದೆ.

ಅಕ್ಷಾಂಶದ ಒಂದು ಕಲೆ ನೆಲದ ಮೇಲೆ ಒಂದು ನಾಟಿಕಲ್ ಮೈಲಿಗೆ, ಅಂದರೆ 1.852 ಕಿ.ಮೀ.ಗೆ ಸಮ. ಆದ್ದರಿಂದ 15′ ಎಂದರೆ ಉತ್ತರ–ದಕ್ಷಿಣವಾಗಿ ಸುಮಾರು 28 ಕಿ.ಮೀ. ಆಕಾಶದಲ್ಲಿ ಇದು ಬಹಳ ಚಿಕ್ಕ ಕೋನ. ಸೂರ್ಯಬಿಂಬದ ತ್ರಿಜ್ಯವೇ ಸುಮಾರು 16′ ಇದೆ. ಸೂರ್ಯನ ಕೆಳಅಂಚನ್ನು ಅಳೆದು, ಅದನ್ನು ಬಿಂಬದ ಕೇಂದ್ರವೆಂದು ತಪ್ಪಾಗಿ ತಿಳಿದರೆ ಅಷ್ಟರಿಂದಲೇ ಕಲಬುರಗಿ ಮತ್ತು ಕಮಲಾಪುರಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಈ ಎರಡು ಊರುಗಳನ್ನು ಪ್ರತ್ಯೇಕವಾಗಿ ಗುರುತಿಸಬಲ್ಲ ಲೆಕ್ಕಕ್ಕೆ ಕೆಲವೇ ಕಲೆಗಳ ನಿಖರತೆ ಇರಬೇಕು.

ಈ ಅಂತರವು ಕ್ಯಾಲೆಂಡರಿನಲ್ಲೂ ಕಾಣುತ್ತದೆ. ಸೂರ್ಯನ ಕ್ರಾಂತಿ ಸ್ಥಳದ ಅಕ್ಷಾಂಶಕ್ಕೆ ಸಮವಾದ ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕಂಬಕ್ಕೆ ನೆರಳಿಲ್ಲದಂತಾಗುತ್ತದೆ. ಕಲಬುರಗಿಯಲ್ಲಿ ಈ ಶೂನ್ಯ ನೆರಳಿನ ದಿನ ಮೇ 9ರ ಸುಮಾರಿಗೆ ಹಾಗೂ ಮತ್ತೆ ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಆ ದಿನಗಳಲ್ಲಿ ಕ್ರಾಂತಿ ದಿನಕ್ಕೆ ಸುಮಾರು 16′ ಬದಲಾಗುವುದರಿಂದ ಕಮಲಾಪುರದಲ್ಲಿ ಅದೇ ಘಟನೆ ಮೇ ತಿಂಗಳಲ್ಲಿ ಸುಮಾರು ಒಂದು ದಿನ ತಡವಾಗಿ, ಆಗಸ್ಟ್‌ನಲ್ಲಿ ಸುಮಾರು ಒಂದು ದಿನ ಮುಂಚಿತವಾಗಿ ಸಂಭವಿಸುತ್ತದೆ.

## ಇತಿಹಾಸ

### ಸಿದ್ಧಾಂತ ಗ್ರಂಥಗಳು

ಕ್ರಿ.ಶ. 499ರ *ಆರ್ಯಭಟೀಯ*ದಲ್ಲಿ ಆರ್ಯಭಟನು 24 ಜ್ಯಾಗಳ ಅನುಕ್ರಮ ವ್ಯತ್ಯಾಸಗಳನ್ನು ಒಂದೇ ಪದ್ಯದಲ್ಲಿ ಅಡಕಗೊಳಿಸಿದ್ದಾನೆ. ಇಲ್ಲಿ ತ್ರಿಜ್ಯ 3438. ವೃತ್ತದ ಪರಿಧಿಯನ್ನು 21,600 ಕಲೆಗಳೆಂದು ತೆಗೆದುಕೊಂಡಾಗ ತ್ರಿಜ್ಯವೂ ಕಲೆಗಳಲ್ಲಿ ಇಷ್ಟೇ ಬರುತ್ತದೆ. ಹೀಗೆ ಚಾಪವನ್ನೂ ಜ್ಯಾವನ್ನೂ ಒಂದೇ ಮಾನದಲ್ಲಿ ಅಳೆದಂತಾಯಿತು. *ಸೂರ್ಯಸಿದ್ಧಾಂತ*ದಲ್ಲಿಯೂ ಇದೇ ಕೋಷ್ಟಕವಿದೆ. 7ನೇ ಶತಮಾನದಲ್ಲಿ ಒಂದನೇ ಭಾಸ್ಕರನು ಕೋಷ್ಟಕವಿಲ್ಲದೆಯೇ ಸೈನ್ ಬೆಲೆಯನ್ನು ಕೊಡುವ ಸ್ಥೂಲ ಸೂತ್ರವನ್ನು *ಮಹಾಭಾಸ್ಕರೀಯ*ದಲ್ಲಿ ನೀಡಿದನು. ಬ್ರಹ್ಮಗುಪ್ತನು 665ರ *ಖಂಡಖಾದ್ಯಕ*ದಲ್ಲಿ ಎರಡನೇ ಹಂತದ ಅಂತರ್ವೇಶನವನ್ನು ವಿವರಿಸಿದನು.

ಎರಡನೇ ಭಾಸ್ಕರ ಅಥವಾ ಭಾಸ್ಕರಾಚಾರ್ಯನು 1114ರಲ್ಲಿ ಜನಿಸಿ 1150ರಲ್ಲಿ *ಸಿದ್ಧಾಂತ ಶಿರೋಮಣಿ*ಯನ್ನು ರಚಿಸಿದನು. ಅವನು ತನ್ನ ಊರೆಂದು ಹೇಳುವ ವಿಜ್ಜಡವಿಡವನ್ನು ಕೆಲವರು ಇಂದಿನ ವಿಜಯಪುರವೆಂದು ಗುರುತಿಸುತ್ತಾರೆ; ಇನ್ನು ಕೆಲವರು ಮಹಾರಾಷ್ಟ್ರದಲ್ಲಿತ್ತೆಂದು ವಾದಿಸುತ್ತಾರೆ. ಅವನ ಗ್ರಂಥದ *ಜ್ಯೋತ್ಪತ್ತಿ* ಭಾಗವು ಜ್ಯಾ ಕೋಷ್ಟಕವನ್ನು ಕಟ್ಟುವ ಕ್ರಮಕ್ಕೇ ಮೀಸಲಾಗಿದೆ. ಕೇರಳದ ಸಂಗಮಗ್ರಾಮದ ಮಾಧವನು (ಸು. 1340–1425) ಸೈನ್ ಮತ್ತು ಕೊಸೈನ್‌ಗಳ ಅನಂತ ಶ್ರೇಣಿಗಳನ್ನು ಕಂಡುಹಿಡಿದನು.

### ಮಾನ್ಯಖೇಟ ಮತ್ತು ಕಲಬುರಗಿ

ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು *ಗಣಿತಸಾರಸಂಗ್ರಹ*ವನ್ನು ರಚಿಸಿದನು. ಇದು ಖಗೋಳ ಗ್ರಂಥವಲ್ಲ. ಅಂಕಗಣಿತ ಹಾಗೂ ಕ್ಷೇತ್ರಗಣಿತಗಳನ್ನು ಪ್ರತ್ಯೇಕ ಶಾಸ್ತ್ರವಾಗಿ ನಿರೂಪಿಸುವ ಕೃತಿ. ಆದರೆ ಜ್ಯಾ ಗಣನೆಗೆ ಬೇಕಾಗುವ ವರ್ಗಮೂಲ, ಭಿನ್ನರಾಶಿ, ತ್ರೈರಾಶಿಕ ಮತ್ತು ವೃತ್ತಖಂಡದ ಲೆಕ್ಕಗಳು ಅದರಲ್ಲಿ ಕ್ರಮಬದ್ಧವಾಗಿ ಸಿಗುತ್ತವೆ.

ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ (ಆಳ್ವಿಕೆ 1397–1422) ಗಣಿತ ಹಾಗೂ ಖಗೋಳದಲ್ಲಿ ಆಸಕ್ತನಾಗಿದ್ದನು. ಇತಿಹಾಸಕಾರ ಫಿರಿಷ್ತಾನ ಪ್ರಕಾರ ಸುಲ್ತಾನನು ವಾರದಲ್ಲಿ ಮೂರು ದಿನ ತಾನೇ ಪಾಠ ಹೇಳುತ್ತಿದ್ದನು. ಜ್ಯಾಮಿತಿಯೂ ಅದರಲ್ಲಿ ಸೇರಿತ್ತು. 1407ರ ಸುಮಾರಿಗೆ ಅವನು ದೌಲತಾಬಾದಿನ ಬಳಿ ವೀಕ್ಷಣಾಲಯವೊಂದನ್ನು ಆರಂಭಿಸಿದನು. ಅದರ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗಿಲಾನಿ ತೀರಿಕೊಂಡದ್ದರಿಂದ ಕೆಲಸ ಪೂರ್ಣಗೊಳ್ಳಲಿಲ್ಲ. ಅದೇ ಶತಮಾನದ ಆರಂಭದಲ್ಲಿ ಸಮರ್ಕಂದದ ಅಲ್-ಕಾಶಿ (ಮರಣ 1429) 1°ಯ ಸೈನ್ ಬೆಲೆಯನ್ನು ಅದುವರೆಗೆ ಯಾರೂ ಪಡೆಯದಷ್ಟು ಸ್ಥಾನಗಳವರೆಗೆ ಲೆಕ್ಕಹಾಕಿದನು.

### ಭೂಮಾಪನ ಮತ್ತು ನಾವಿಕ ಕೋಷ್ಟಕಗಳು

1614ರಲ್ಲಿ ಜಾನ್ ನೇಪಿಯರ್ ಪ್ರಕಟಿಸಿದ ಲಘುಗಣಕಗಳು ಗುಣಾಕಾರವನ್ನು ಸಂಕಲನವಾಗಿ ಬದಲಿಸಿದವು. 1802ರಲ್ಲಿ ನಥಾನಿಯಲ್ ಬೌಡಿಚ್ ಪ್ರಕಟಿಸಿದ ನಾವಿಕ ಕೈಪಿಡಿಯ ಮೂಲಕ ಇಂತಹ ಲೆಕ್ಕ ಸಾಮಾನ್ಯ ನಾವಿಕರ ಕೈಗೂ ತಲುಪಿತು. 1837ರಲ್ಲಿ ಅಮೆರಿಕದ ಹಡಗಿನ ಕಪ್ತಾನ ಥಾಮಸ್ ಸಮ್ನರ್ ಒಂದು ವೀಕ್ಷಣೆಯಿಂದ ಒಂದು ಬಿಂದುವಲ್ಲ, ಒಂದು ರೇಖೆ ಮಾತ್ರ ದೊರೆಯುತ್ತದೆ ಎಂಬುದನ್ನು ಕಂಡುಕೊಂಡನು. 1875ರಲ್ಲಿ ಫ್ರಾನ್ಸಿನ ಮಾರ್ಕ್ ಸೇಂಟ್ ಹಿಲೇರ್ ಇದನ್ನು ಇಂದಿಗೂ ಬಳಕೆಯಲ್ಲಿರುವ ರೂಪಕ್ಕೆ ತಂದನು.

ಇದೇ ಗಣಿತವು ಒಳನಾಡಿಗೂ ಬಂದಿತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದನು. ಅವನು ಆರಂಭಿಸಿದ ತ್ರಿಕೋನ ಸರಣಿಯು ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಾಗಿ ಬೆಳೆದು, 1815ರಲ್ಲಿ ಬೀದರ್ ಸಮೀಪ ಮತ್ತೊಂದು ಆಧಾರರೇಖೆಯ ಅಳತೆ ನಡೆಯಿತು. ನೆಲದ ಮೇಲೆ ತ್ರಿಕೋನಗಳ ಮೂಲಕ ಲೆಕ್ಕಹಾಕಿದ ದೂರಗಳನ್ನು, ನಕ್ಷತ್ರಗಳ ನತಾಂಶದಿಂದ ಪಡೆದ ಅಕ್ಷಾಂಶಗಳ ಜೊತೆ ಹೋಲಿಸಿ ಭೂಮಿಯ ಆಕಾರವನ್ನು ನಿರ್ಧರಿಸಲಾಯಿತು. ಈ ಎಲ್ಲ ಲೆಕ್ಕಗಳನ್ನು ಲಘುಗಣಕ ಕೋಷ್ಟಕಗಳ ನೆರವಿನಿಂದ ಗಣಕರು ಕೈಯಲ್ಲೇ ಮಾಡುತ್ತಿದ್ದರು.

## ಕೋಷ್ಟಕವನ್ನು ಕಟ್ಟುವ ಕ್ರಮ

### ಅರ್ಧಕೋನ ವಿಧಾನ

30°ಯ ಸೈನ್ ನಿಖರವಾಗಿ 0.5, ಕೊಸೈನ್ 0.866025. ಯಾವುದೇ ಕೋನದ ಅರ್ಧದ ಸೈನ್ ಪಡೆಯಲು 1ರಿಂದ ಆ ಕೋನದ ಕೊಸೈನ್ ಕಳೆದು, ಉಳಿದುದನ್ನು 2ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ಈ ಕ್ರಮದಲ್ಲಿ:

* 15°: √0.066987 = 0.258819
* 7°30′: √0.017037 = 0.130526
* 3°45′: √0.0042775 = 0.065403

ಕೊನೆಯ ಬೆಲೆಯನ್ನು 3438ರಿಂದ ಗುಣಿಸಿದರೆ 224.86 ಬರುತ್ತದೆ. ಪೂರ್ಣಾಂಕಕ್ಕೆ ತಂದರೆ ಇದು 225. 3°45′ ಎಂದರೂ 225 ಕಲೆ. ಚಾಪವೂ ಜ್ಯಾವೂ ಪೂರ್ಣಾಂಕದಲ್ಲಿ ಸಮವಾಗುವ ಈ ಹಂತದಲ್ಲಿ ಅರ್ಧಿಸುವಿಕೆ ನಿಂತಿದ್ದರಿಂದ 90°ಯಲ್ಲಿ 24 ಜ್ಯಾಗಳಾದವು. ಮೊದಲ ಐದು ಬೆಲೆಗಳು 225, 449, 671, 890, 1105.

### ಜ್ಯೋತ್ಪತ್ತಿಯ ವಿಧಾನ

ಭಾಸ್ಕರಾಚಾರ್ಯನು 18°ಯ ಸೈನ್ ಬೆಲೆಯನ್ನು (√5 − 1) ÷ 4 ಎಂಬ ನಿಖರ ರೂಪದಲ್ಲಿ ಬಳಸುತ್ತಾನೆ, ಇದು 0.309017. ಒಂದೊಂದು ಡಿಗ್ರಿ ಮುಂದಕ್ಕೆ ಅಥವಾ ಹಿಂದಕ್ಕೆ ಸಾಗಲು ಅವನು ಕೊಡುವ ಗುಣಕಗಳು ಎರಡು: 1°ಯ ಸೈನ್‌ಗೆ 10/573 ಮತ್ತು 1°ಯ ಕೊಸೈನ್‌ಗೆ 6568/6569. ಇವು ಆರನೇ ದಶಮಾಂಶ ಸ್ಥಾನದವರೆಗೂ ಬಹುತೇಕ ಸರಿಯಾಗಿವೆ.

ಕಲಬುರಗಿಯ ಅಕ್ಷಾಂಶಕ್ಕೆ ಹತ್ತಿರವಾದ 17°ಯ ಸೈನ್ ಬೇಕಾದಾಗ 18°ಯಿಂದ ಒಂದು ಹೆಜ್ಜೆ ಹಿಂದೆ ಬಂದರೆ ಸಾಕು. 0.309017ರಲ್ಲಿ ಅದರ 6569ನೇ ಒಂದು ಭಾಗವನ್ನು ಕಳೆದರೆ 0.308970. 18°ಯ ಕೊಸೈನ್ 0.951057 ಅನ್ನು 10ರಿಂದ ಗುಣಿಸಿ 573ರಿಂದ ಭಾಗಿಸಿದರೆ 0.016598. ಇವೆರಡರ ವ್ಯತ್ಯಾಸ 0.292372. ಆಧುನಿಕ ಕೋಷ್ಟಕದಲ್ಲಿರುವ ಬೆಲೆಯೂ ಇದೇ.

### ಶ್ರೇಣಿ ವಿಧಾನ

ಕೋನವನ್ನು ರೇಡಿಯನ್‌ಗೆ ಬದಲಿಸಿ ಮಾಧವನ ಶ್ರೇಣಿಯನ್ನು ಬಳಸಿದರೆ ಕೋಷ್ಟಕವೇ ಬೇಕಿಲ್ಲ. 17°20′ ಎಂದರೆ 0.302524 ರೇಡಿಯನ್. ಇದರಿಂದ ಘನದ ಆರನೇ ಒಂದು ಭಾಗವಾದ 0.004615 ಅನ್ನು ಕಳೆದು, ಐದನೇ ಘಾತದ 120ನೇ ಒಂದು ಭಾಗವಾದ 0.000021 ಅನ್ನು ಕೂಡಿಸಿದರೆ ಸುಮಾರು 0.29793 ದೊರೆಯುತ್ತದೆ; ಹಂತಗಳಲ್ಲಿ ಇನ್ನೂ ಹೆಚ್ಚು ಸ್ಥಾನಗಳನ್ನು ಉಳಿಸಿಕೊಂಡರೆ 0.297930. ಚಿಕ್ಕ ಕೋನಗಳಿಗೆ ಮೂರು ಪದಗಳು ಸಾಕಾಗುತ್ತವೆ. 90°ಗೆ ಸಮೀಪಿಸಿದಂತೆ ಹೆಚ್ಚು ಪದಗಳು ಬೇಕಾಗುತ್ತವೆ.

## ನಡುವಿನ ಬೆಲೆ ಮತ್ತು ನೆಲದ ಮೇಲಿನ ದೋಷ

ಆರ್ಯಭಟನ ಕೋಷ್ಟಕದಿಂದ 17°20′ಯ ಜ್ಯಾ ಪಡೆಯುವ ಕ್ರಮ ಹೀಗಿದೆ. ಕೋನ 1040 ಕಲೆ. ಇದನ್ನು 225ರಿಂದ ಭಾಗಿಸಿದರೆ 4 ಭಾಗಲಬ್ಧ, 140 ಶೇಷ. ನಾಲ್ಕನೇ ಜ್ಯಾ 890. ಮುಂದಿನ ವ್ಯತ್ಯಾಸ 215. ತ್ರೈರಾಶಿಕದಿಂದ 140 × 215 ÷ 225 = 133.78. ಮೊತ್ತ 1023.78. ನಿಜವಾದ ಬೆಲೆ 1024.28.

ಜ್ಯಾಗಳ ವ್ಯತ್ಯಾಸಗಳು ಸಮವಾಗಿರದೆ ಕ್ರಮೇಣ ಕುಗ್ಗುತ್ತವೆ. ತ್ರೈರಾಶಿಕವು ಇದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಬ್ರಹ್ಮಗುಪ್ತನ ವಿಧಾನದಲ್ಲಿ ಹಿಂದಿನ ವ್ಯತ್ಯಾಸ 219 ಮತ್ತು ಮುಂದಿನ ವ್ಯತ್ಯಾಸ 215ರ ಸರಾಸರಿ 217 ಅನ್ನು ತೆಗೆದುಕೊಂಡು, ಅದರಿಂದ ಅವೆರಡರ ಅಂತರದ ಅರ್ಧವನ್ನು 140/225ರಿಂದ ಗುಣಿಸಿ ಕಳೆಯಬೇಕು. ಆಗ ತಿದ್ದಿದ ವ್ಯತ್ಯಾಸ 215.76, ಜ್ಯಾ 1024.25. ದೋಷವು ಮೊದಲಿನದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಾಗುತ್ತದೆ.

ಭಾಸ್ಕರಾಚಾರ್ಯನ *ಲಘುಜ್ಯಾ* ಕೋಷ್ಟಕವು ಇನ್ನೂ ಸರಳ. ತ್ರಿಜ್ಯ 120, 10°ಗೊಂದರಂತೆ ಒಂಬತ್ತೇ ವ್ಯತ್ಯಾಸಗಳು: 21, 20, 19, 17, 15, 12, 9, 5, 2. ಬಾಯಿಪಾಠ ಮಾಡಲು ಸುಲಭ. ಒಂದನೇ ಭಾಸ್ಕರನ ಸೂತ್ರಕ್ಕೆ ಕೋಷ್ಟಕವೇ ಬೇಡ: ಕೋನವನ್ನು 180ರಿಂದ ಕಳೆದು ಉಳಿದುದನ್ನು ಕೋನದಿಂದಲೇ ಗುಣಿಸಬೇಕು, ಬಂದ ಗುಣಲಬ್ಧದ ನಾಲ್ಕರಷ್ಟನ್ನು, 40,500ರಿಂದ ಆ ಗುಣಲಬ್ಧವನ್ನು ಕಳೆದ ಸಂಖ್ಯೆಯಿಂದ ಭಾಗಿಸಬೇಕು.

17°20′ಯ ಸೈನ್‌ಗೆ (0.297930) ವಿವಿಧ ವಿಧಾನಗಳು ಕೊಡುವ ಬೆಲೆ ಮತ್ತು ಅದರಿಂದ ಅಕ್ಷಾಂಶದಲ್ಲಿ ಉಂಟಾಗುವ ದೋಷ ಕೆಳಗಿನಂತಿದೆ.

| ವಿಧಾನ | ದೊರೆತ ಸೈನ್ | ಕೋನದ ದೋಷ | ನೆಲದ ಮೇಲೆ |
|---|---|---|---|
| ಒಂದನೇ ಭಾಸ್ಕರನ ಸೂತ್ರ | 0.29931 | 5.0′ | 9.2 ಕಿ.ಮೀ. |
| ಲಘುಜ್ಯಾ, ತ್ರೈರಾಶಿಕ | 0.29722 | 2.5′ | 4.7 ಕಿ.ಮೀ. |
| ಆರ್ಯಭಟ, ತ್ರೈರಾಶಿಕ | 0.29778 | 0.5′ | 1 ಕಿ.ಮೀ. |
| ಲಘುಜ್ಯಾ, ಎರಡನೇ ಹಂತದ ತಿದ್ದುಪಡಿ | 0.29804 | 0.4′ | 0.7 ಕಿ.ಮೀ. |
| ಆರ್ಯಭಟ, ಬ್ರಹ್ಮಗುಪ್ತನ ತಿದ್ದುಪಡಿ | 0.29792 | 0.04′ | 70 ಮೀ. |
| ಒಂದು ಡಿಗ್ರಿಯ ಕೋಷ್ಟಕ, ತ್ರೈರಾಶಿಕ | 0.29792 | 0.04′ | 70 ಮೀ. |
| ಶ್ರೇಣಿಯ ಮೂರು ಪದಗಳು | 0.297930 | ನಗಣ್ಯ | 1 ಮೀ.ಗಿಂತ ಕಡಿಮೆ |

ಒಂಬತ್ತು ಸಂಖ್ಯೆಗಳ ಲಘುಜ್ಯಾ ಕೋಷ್ಟಕವು ತಿದ್ದುಪಡಿಯೊಂದಿಗೆ, 24 ಸಂಖ್ಯೆಗಳ ಕೋಷ್ಟಕದ ಸರಳ ತ್ರೈರಾಶಿಕಕ್ಕಿಂತ ಇಲ್ಲಿ ಉತ್ತಮ ಫಲ ನೀಡುತ್ತದೆ. ಆದರೆ ಲೆಕ್ಕದ ನಡುವೆ ಭಿನ್ನಾಂಕವನ್ನು ಕೈಬಿಡುವಂತಿಲ್ಲ. ತ್ರಿಜ್ಯ 120 ಇರುವಾಗ ಈ ಅಕ್ಷಾಂಶದಲ್ಲಿ ಅರ್ಧ ಘಟಕ ಎಂದರೆ ಸುಮಾರು 15′. ತ್ರೈರಾಶಿಕದಿಂದ ಬಂದ 35.67 ಅನ್ನು 36 ಎಂದು ಬರೆದುಕೊಂಡರೆ ಅದಕ್ಕೆ ಸಂಬಂಧಿಸಿದ ಕೋನ 17°27½′ ಆಗುತ್ತದೆ. ಅದು ಕಲಬುರಗಿಯೂ ಅಲ್ಲದೆ ಕಮಲಾಪುರವೂ ಅಲ್ಲದೆ ಎರಡರ ನಡುವಣ ಅಕ್ಷಾಂಶ.

## ಮಧ್ಯಾಹ್ನದ ಸೂರ್ಯನಿಂದ ಅಕ್ಷಾಂಶ

ಸೂರ್ಯನು ಮಧ್ಯಾಹ್ನರೇಖೆಯಲ್ಲಿ, ಖಮಧ್ಯದ ದಕ್ಷಿಣಕ್ಕಿದ್ದಾಗ ಅಕ್ಷಾಂಶವು ನತಾಂಶ ಮತ್ತು ಉತ್ತರ ಕ್ರಾಂತಿಗಳ ಮೊತ್ತಕ್ಕೆ ಸಮ. ಇಲ್ಲಿ ಕೂಡುವ ಲೆಕ್ಕ ಮಾತ್ರ ಇರುವುದರಿಂದ ತ್ರಿಕೋನಮಿತಿ ಬೇಡವೆಂದು ತೋರಬಹುದು. ಆದರೆ ಕ್ರಾಂತಿಯನ್ನು ಪಡೆಯಲು ಅದು ಅಗತ್ಯ. ಪರಮಕ್ರಾಂತಿಯ ಸೈನ್ ಮತ್ತು ಸೂರ್ಯನ ಸಾಯನ ರೇಖಾಂಶದ ಸೈನ್‌ಗಳ ಗುಣಲಬ್ಧವೇ ಕ್ರಾಂತಿಯ ಸೈನ್.

ಏಪ್ರಿಲ್ 20ರ ಸುಮಾರಿಗೆ ಸೂರ್ಯನ ಸಾಯನ ರೇಖಾಂಶ 30°. ಪರಮಕ್ರಾಂತಿಯ ಸೈನ್ 0.39768ರ ಅರ್ಧ 0.19884, ಕ್ರಾಂತಿ 11°28′. ಅಂದು ಮಧ್ಯಾಹ್ನ ಕಲಬುರಗಿಯಲ್ಲಿ ನತಾಂಶ 5°52′, ಕಮಲಾಪುರದಲ್ಲಿ 6°07′ ಇರುತ್ತದೆ.

ಸಿದ್ಧಾಂತ ಗ್ರಂಥಗಳಲ್ಲಿ ಪರಮಕ್ರಾಂತಿಯನ್ನು 24° ಎಂದೂ ಅದರ ಜ್ಯಾವನ್ನು 1397 ಎಂದೂ ಹೇಳಿದೆ. ಇದನ್ನು ಇಂದು ಹಾಗೆಯೇ ಬಳಸಿದರೆ 30°ಗೆ ಕ್ರಾಂತಿಜ್ಯಾ 698.5, ಕ್ರಾಂತಿ 11°43′ ಬರುತ್ತದೆ. ಕಲಬುರಗಿಯಲ್ಲಿ ನಿಂತು 5°52′ ನತಾಂಶವನ್ನು ಸರಿಯಾಗಿ ಅಳೆದವನಿಗೆ ಆಗ ದೊರೆಯುವ ಅಕ್ಷಾಂಶ 17°35′, ಅಂದರೆ ಕಮಲಾಪುರದ ಅಕ್ಷಾಂಶ. ಈ ದೋಷದ ಮೂಲ ಅಳತೆಯಲ್ಲೂ ಇಲ್ಲ, ಜ್ಯಾ ಕೋಷ್ಟಕದಲ್ಲೂ ಇಲ್ಲ, ಬಳಸಿದ ಸ್ಥಿರಾಂಕದಲ್ಲಿದೆ. ಪರಮಕ್ರಾಂತಿಯು ಶತಮಾನಕ್ಕೆ ಸುಮಾರು 47 ವಿಕಲೆಗಳಷ್ಟು ಕುಗ್ಗುತ್ತಿರುವುದರಿಂದ ಇಂತಹ ಸ್ಥಿರಾಂಕಗಳನ್ನು ಕಾಲಕಾಲಕ್ಕೆ ತಿದ್ದಬೇಕಾಗುತ್ತದೆ. ಇಂದಿನ ನಾವಿಕ ಪಂಚಾಂಗಗಳು ಕ್ರಾಂತಿಯನ್ನು ಪ್ರತಿ ಗಂಟೆಗೆ ನೇರವಾಗಿ ಕೊಡುತ್ತವೆ.

ವಿಷುವದ ದಿನ ಮಧ್ಯಾಹ್ನ 12 ಅಂಗುಲದ ಶಂಕುವಿನ ನೆರಳನ್ನು *ಪಲಭಾ* ಎನ್ನುತ್ತಾರೆ. ಪಲಭಾವನ್ನು 12ರಿಂದ ಭಾಗಿಸಿದರೆ ಅಕ್ಷಾಂಶದ ಟ್ಯಾಂಜೆಂಟ್ ಸಿಗುತ್ತದೆ. ಕಲಬುರಗಿಗೆ ಇದು 3.745 ಅಂಗುಲ, ಕಮಲಾಪುರಕ್ಕೆ 3.803 ಅಂಗುಲ. ಒಂದು ಮೀಟರ್ ಎತ್ತರದ ಕೋಲಿಗೆ ಎರಡೂ ನೆರಳುಗಳ ವ್ಯತ್ಯಾಸ 5 ಮಿ.ಮೀ.ಗಿಂತ ತುಸು ಕಡಿಮೆ. ಸೂರ್ಯ ಬಿಂದುವಲ್ಲದ ಕಾರಣ ನೆರಳಿನ ಅಂಚಿನ ಮಸುಕೇ ಸುಮಾರು 1 ಸೆಂ.ಮೀ. ಇರುವುದರಿಂದ ಈ ಎರಡು ಊರುಗಳನ್ನು ಶಂಕುವಿನಿಂದ ಬೇರ್ಪಡಿಸಲು ಬಹಳ ಎಚ್ಚರದ ವೀಕ್ಷಣೆ ಬೇಕು.

## ಗಂಟೆಕೋನದಿಂದ ಸ್ಥಾನರೇಖೆ

ಮಧ್ಯಾಹ್ನವಲ್ಲದ ಹೊತ್ತಿನಲ್ಲಿ ಧ್ರುವ, ಖಮಧ್ಯ ಮತ್ತು ಆಕಾಶಕಾಯಗಳನ್ನು ಶೃಂಗಗಳಾಗಿ ಹೊಂದಿದ ಗೋಳೀಯ ತ್ರಿಭುಜವನ್ನು ಬಿಡಿಸಬೇಕಾಗುತ್ತದೆ. ಅಕ್ಷಾಂಶವನ್ನು ‘ಅ’, ಕ್ರಾಂತಿಯನ್ನು ‘ಕ’, ಗಂಟೆಕೋನವನ್ನು ‘ಗ’, ಉನ್ನತಾಂಶವನ್ನು ‘ಉ’ ಎಂದು ಸೂಚಿಸಿದರೆ:

ಸೈನ್ ಉ = ಸೈನ್ ಅ × ಸೈನ್ ಕ + ಕೊಸೈನ್ ಅ × ಕೊಸೈನ್ ಕ × ಕೊಸೈನ್ ಗ

ಏಪ್ರಿಲ್ 20ರಂದು ಕಲಬುರಗಿಯ ಸ್ಥಳೀಯ ಮಧ್ಯಾಹ್ನದ ಮೂರು ಗಂಟೆಗಳ ಬಳಿಕ ಗಂಟೆಕೋನ 45°. ಮೊದಲ ಪದ 0.29793 × 0.19880 = 0.05923. ಎರಡನೇ ಪದ 0.95459 × 0.98004 × 0.70711 = 0.66153. ಮೊತ್ತ 0.72076, ಉನ್ನತಾಂಶ 46°07′.

ಎರಡನೇ ಪದದ ಮೂರು ಗುಣಕಗಳನ್ನು ಕೈಯಲ್ಲಿ ಗುಣಿಸುವ ಬದಲು ಲಘುಗಣಕ ಬಳಸುವುದು ರೂಢಿಯಾಗಿತ್ತು. ಋಣಸಂಖ್ಯೆ ಬಾರದಂತೆ ಪ್ರತಿಯೊಂದಕ್ಕೂ 10 ಸೇರಿಸಿ ಬರೆದರೆ ಲಘುಗಣಕಗಳು 9.97982, 9.99124 ಮತ್ತು 9.84949. ಮೊತ್ತ 29.82055ರಲ್ಲಿ 20 ಕಳೆದರೆ 9.82055, ಕೋಷ್ಟಕದಲ್ಲಿ ಇದಕ್ಕೆ ಎದುರಾಗಿ 0.6615 ಸಿಗುತ್ತದೆ.

ಅದೇ ಕ್ಷಣದಲ್ಲಿ ಕಮಲಾಪುರದಲ್ಲಿ ಗಂಟೆಕೋನ 45°09′ ಆಗಿರುತ್ತದೆ, ಏಕೆಂದರೆ ಊರು 9′ ಪೂರ್ವಕ್ಕಿದೆ. ಅಲ್ಲಿನ ಉನ್ನತಾಂಶ 45°58′. ಹೀಗೆ ಎರಡು ಊರುಗಳ ನಡುವೆ 9′ ವ್ಯತ್ಯಾಸ ಕಾಣುತ್ತದೆ. ಆದರೆ ಅದು ಬಹುಪಾಲು ರೇಖಾಂಶದ ವ್ಯತ್ಯಾಸ. ಗಂಟೆಕೋನವನ್ನು 45°ಯಲ್ಲೇ ಇರಿಸಿ ಅಕ್ಷಾಂಶವನ್ನು ಮಾತ್ರ 15′ ಬದಲಿಸಿದರೆ ಉನ್ನತಾಂಶವು ಅರ್ಧ ಕಲೆಯಷ್ಟೂ ಬದಲಾಗುವುದಿಲ್ಲ. ಆ ಹೊತ್ತಿನಲ್ಲಿ ಸೂರ್ಯ ಬಹುತೇಕ ನೇರ ಪಶ್ಚಿಮದಲ್ಲಿರುವುದೇ ಇದಕ್ಕೆ ಕಾರಣ.

ಸ್ಥಾನರೇಖೆಯ ತತ್ತ್ವ ಇದೇ. ತಾನು ಕಲಬುರಗಿಯಲ್ಲಿದ್ದೇನೆಂದು ಊಹಿಸಿ 46°07′ ಲೆಕ್ಕಹಾಕಿದ ವೀಕ್ಷಕನಿಗೆ ಅಳತೆಯಲ್ಲಿ 45°58′ ಬಂದರೆ, ಅವನು ಸೂರ್ಯನಿಂದ 9 ನಾಟಿಕಲ್ ಮೈಲಿ ಹೆಚ್ಚು ದೂರದಲ್ಲಿ, ಅಂದರೆ ಪೂರ್ವಕ್ಕೆ, ಉತ್ತರ–ದಕ್ಷಿಣವಾಗಿ ಹಾದುಹೋಗುವ ಒಂದು ರೇಖೆಯ ಮೇಲಿದ್ದಾನೆ. ಆ ರೇಖೆಯ ಮೇಲೆ ಎಲ್ಲಿ ಎಂಬುದನ್ನು ಈ ಒಂದೇ ವೀಕ್ಷಣೆ ಹೇಳದು. ಮಧ್ಯಾಹ್ನದ ಸೂರ್ಯ ಕೊಡುವ ಪೂರ್ವ–ಪಶ್ಚಿಮ ರೇಖೆಯನ್ನು ಇದರೊಂದಿಗೆ ಛೇದಿಸಿದಾಗ ಮಾತ್ರ ಸ್ಥಾನ ಗೊತ್ತಾಗುತ್ತದೆ.

ರೇಖಾಂಶಕ್ಕೆ ಗಡಿಯಾರವೂ ಸರಿಯಾಗಿರಬೇಕು. ಕಮಲಾಪುರದ ಸ್ಥಳೀಯ ಮಧ್ಯಾಹ್ನ ಕಲಬುರಗಿಗಿಂತ 36 ಸೆಕೆಂಡು ಮುಂಚೆ ಆಗುತ್ತದೆ. ಗಡಿಯಾರದ ಒಂದು ಸೆಕೆಂಡಿನ ತಪ್ಪು ಈ ಅಕ್ಷಾಂಶದಲ್ಲಿ ಸುಮಾರು 440 ಮೀಟರ್ ದೋಷ ತರುತ್ತದೆ.

## ಎರಡು ಸ್ಥಳಗಳ ದೂರ ಮತ್ತು ಹ್ಯಾವರ್‌ಸೈನ್

ಮೇಲಿನ ಸೂತ್ರವನ್ನೇ ಎರಡು ಸ್ಥಳಗಳ ನಡುವಿನ ದೂರಕ್ಕೂ ಬಳಸಬಹುದು. ಆಗ ದೊರೆಯುವುದು ದೂರದ ಕೋನದ ಕೊಸೈನ್. ಚಿಕ್ಕ ಕೋನಗಳಲ್ಲಿ ಕೊಸೈನ್ ಬಹಳ ನಿಧಾನವಾಗಿ ಬದಲಾಗುವುದರಿಂದ ಕೋಷ್ಟಕ ಕೈಕೊಡುತ್ತದೆ. ಕಲಬುರಗಿ–ಕಮಲಾಪುರ ದೂರದ ಕೊಸೈನ್ 0.9999874. ನಾಲ್ಕು ಸ್ಥಾನಗಳ ಕೋಷ್ಟಕದಲ್ಲಿ ಇದು 1.0000 ಆಗಿ ದೂರ ಸೊನ್ನೆಯಾಗುತ್ತದೆ. ಐದು ಸ್ಥಾನಗಳಲ್ಲಿ 0.99999 ಆಗಿ ದೂರ 28.5 ಕಿ.ಮೀ. ಬರುತ್ತದೆ.

ಈ ತೊಂದರೆಯನ್ನು ತಪ್ಪಿಸಲು ನಾವಿಕರು *ಹ್ಯಾವರ್‌ಸೈನ್* ಎಂಬ ಫಲನವನ್ನು ಬಳಸಿದರು. ಇದು ಅರ್ಧಕೋನದ ಸೈನ್‌ನ ವರ್ಗ. ಅಕ್ಷಾಂಶ ವ್ಯತ್ಯಾಸದ ಹ್ಯಾವರ್‌ಸೈನ್‌ಗೆ, ಎರಡೂ ಅಕ್ಷಾಂಶಗಳ ಕೊಸೈನ್ ಮತ್ತು ರೇಖಾಂಶ ವ್ಯತ್ಯಾಸದ ಹ್ಯಾವರ್‌ಸೈನ್‌ಗಳ ಗುಣಲಬ್ಧವನ್ನು ಕೂಡಿಸಿದರೆ ದೂರದ ಹ್ಯಾವರ್‌ಸೈನ್ ಸಿಗುತ್ತದೆ. 15′ಯ ಹ್ಯಾವರ್‌ಸೈನ್ 0.00000476. ಎರಡನೇ ಪದ 0.00000156. ಮೊತ್ತ 0.00000632, ಇದರ ವರ್ಗಮೂಲದ ಎರಡರಷ್ಟು 0.005028 ರೇಡಿಯನ್, ಅಂದರೆ 17.28′. ನೇರ ದೂರ 17.28 ನಾಟಿಕಲ್ ಮೈಲಿ ಅಥವಾ 32 ಕಿ.ಮೀ.

ಈ ಫಲನ ಭಾರತೀಯ ಗಣಿತಕ್ಕೆ ಅಪರಿಚಿತವಲ್ಲ. ತ್ರಿಜ್ಯದಿಂದ ಕೋಟಿಜ್ಯಾವನ್ನು ಕಳೆದಾಗ ಉಳಿಯುವ *ಉತ್ಕ್ರಮಜ್ಯಾ*ದ ಅರ್ಧವೇ ಹ್ಯಾವರ್‌ಸೈನ್. *ಸೂರ್ಯಸಿದ್ಧಾಂತ*ದಲ್ಲಿ ಉತ್ಕ್ರಮಜ್ಯಾಗಳ ಪ್ರತ್ಯೇಕ ಕೋಷ್ಟಕವಿದೆ.

## ಒಳನಾಡಿನ ವೀಕ್ಷಣೆಯ ಮಿತಿಗಳು

ಕಡಲಿನಲ್ಲಿ ನೀರು–ಆಕಾಶ ಕೂಡುವ ಗೆರೆಯೇ ಕ್ಷಿತಿಜ. ಕಲಬುರಗಿಯಂತಹ ಒಳನಾಡಿನಲ್ಲಿ ಅಂತಹ ಗೆರೆ ಇಲ್ಲದ್ದರಿಂದ ತಟ್ಟೆಯಲ್ಲಿ ಪಾದರಸ ಅಥವಾ ಎಣ್ಣೆ ಇಟ್ಟು, ಸೂರ್ಯನಿಗೂ ಅದರ ಪ್ರತಿಬಿಂಬಕ್ಕೂ ನಡುವಿನ ಕೋನವನ್ನು ಸೆಕ್ಸ್‌ಟೆಂಟ್‌ನಿಂದ ಅಳೆಯುತ್ತಾರೆ. ಈ ಕೋನ ಉನ್ನತಾಂಶದ ಎರಡರಷ್ಟು. ಏಪ್ರಿಲ್ 20ರ ಮಧ್ಯಾಹ್ನ ಕಲಬುರಗಿಯಲ್ಲಿ ಉನ್ನತಾಂಶ 84°08′ ಇರುವುದರಿಂದ ಎರಡರಷ್ಟು 168°16′ ಆಗಿ ಸಾಮಾನ್ಯ ಸೆಕ್ಸ್‌ಟೆಂಟ್‌ನ ವ್ಯಾಪ್ತಿಯನ್ನು ಮೀರುತ್ತದೆ. ಡಿಸೆಂಬರ್ 21ರ ಸುಮಾರಿಗೆ ಉನ್ನತಾಂಶ 49°14′, ಎರಡರಷ್ಟು 98°28′. ಆಗ ಅಳತೆ ಸಾಧ್ಯ. ಅಳತೆಯ ತಪ್ಪೂ ಕೊನೆಯಲ್ಲಿ ಅರ್ಧವಾಗುವುದು ಈ ವಿಧಾನದ ಅನುಕೂಲ.

ಅಳೆದ ಕೋನಕ್ಕೆ ಸೂರ್ಯಬಿಂಬದ ತ್ರಿಜ್ಯ ಹಾಗೂ ವಾತಾವರಣದ ವಕ್ರೀಭವನದ ತಿದ್ದುಪಡಿಗಳನ್ನು ಮಾಡಬೇಕು. 46° ಉನ್ನತಾಂಶದಲ್ಲಿ ವಕ್ರೀಭವನ ಸುಮಾರು 1′. ಕ್ಷಿತಿಜದ ಬಳಿ ಅದು ಅರ್ಧ ಡಿಗ್ರಿಯನ್ನು ದಾಟುವುದರಿಂದ ಉದಯಾಸ್ತಗಳ ಹೊತ್ತಿನ ವೀಕ್ಷಣೆಗಳನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ.

## ಇಂದಿನ ಬಳಕೆ

ಉಪಗ್ರಹ ಆಧಾರಿತ ವ್ಯವಸ್ಥೆಗಳು ಬಂದ ಮೇಲೆ ಕೈಲೆಕ್ಕದ ದೈನಂದಿನ ಬಳಕೆ ಕಡಿಮೆಯಾಗಿದೆ. ಆದರೂ ಉಪಗ್ರಹ ಸಂಕೇತಗಳಿಗೆ ಅಡ್ಡಿಯಾದಾಗ ಬಳಸಲು ಪರ್ಯಾಯ ಬೇಕೆಂಬ ಕಾರಣದಿಂದ ಅಮೆರಿಕದ ನೌಕಾ ಅಕಾಡೆಮಿ ಕೈಬಿಟ್ಟಿದ್ದ ಖಗೋಳ ನೌಕಾಯಾನದ ಬೋಧನೆಯನ್ನು 2015ರಲ್ಲಿ ಮತ್ತೆ ಆರಂಭಿಸಿತು. ಶಾಲಾ ಮಟ್ಟದಲ್ಲಿ ಶೂನ್ಯ ನೆರಳಿನ ದಿನದ ಚಟುವಟಿಕೆಗಳು ಇದೇ ಗಣಿತವನ್ನು ಪರಿಚಯಿಸುತ್ತವೆ. ಒಂದು ಕೋಲು, ಅಳತೆಪಟ್ಟಿ ಮತ್ತು ಒಂಬತ್ತು ಸಂಖ್ಯೆಗಳ ಲಘುಜ್ಯಾ ಕೋಷ್ಟಕ ಇದ್ದರೆ, ಎರಡನೇ ಹಂತದ ತಿದ್ದುಪಡಿಯೊಂದಿಗೆ, ವಿದ್ಯಾರ್ಥಿಯು ತನ್ನ ಊರಿನ ಅಕ್ಷಾಂಶವನ್ನು ಪಡೆಯಬಹುದು. ಅಲ್ಲಿ ಉಳಿಯುವ ದೋಷ ಹೆಚ್ಚಾಗಿ ನೆರಳಿನ ಮಸುಕಿನದೇ ಹೊರತು ಲೆಕ್ಕದ್ದಲ್ಲ.